ಇಸಿಜಿ ಸರಿಯಿದೆ, ಎದೆ ಮಾತ್ರ ತಾಳ ತಪ್ಪುತ್ತಿದೆ

ಎದೆ ಇದ್ದಕ್ಕಿದ್ದಂತೆ ಡವಗುಟ್ಟಲು ಶುರುವಾಗುತ್ತದೆ. ಅಂಗೈ ಬೆವರುತ್ತದೆ, ಕಣ್ಣು ಕತ್ತಲಿಟ್ಟಂತಾಗುತ್ತದೆ. ಮನೆಯವರು ಗಾಬರಿಯಿಂದ ಕ್ಯಾಬ್ ಕರೆಸುತ್ತಾರೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ದಾಟಿ ಆಸ್ಪತ್ರೆ ಮುಟ್ಟಲು ಮುಕ್ಕಾಲು ಗಂಟೆ. ಅಷ್ಟರಲ್ಲಿ ಎದೆ ತಾನಾಗಿಯೇ ತಣ್ಣಗಾಗಿರುತ್ತದೆ. ಇಸಿಜಿ ತೆಗೆದರೆ ಎಲ್ಲವೂ ಸರಿ. ಗ್ಯಾಸ್ ಇರಬಹುದು, ಟೆನ್ಷನ್ ಇರಬಹುದು ಎಂದು ಒಂದು ಮಾತ್ರೆ ಬರೆದು ಕಳುಹಿಸುತ್ತಾರೆ. ರೋಗಿ ಹೆಂಗಸಾಗಿದ್ದರಂತೂ ಟೆನ್ಷನ್ ಎಂಬ ಹಣೆಪಟ್ಟಿ ಇನ್ನೂ ಬೇಗ ಅಂಟಿಕೊಳ್ಳುತ್ತದೆ.

ಇದು ವೈದ್ಯರದ್ದೇ ತಪ್ಪೆಂದು ಹೇಳುವಂತಿಲ್ಲ. ಸಾಮಾನ್ಯ ಇಸಿಜಿ ಎಂದರೆ ಹತ್ತು ಸೆಕೆಂಡಿನ ದಾಖಲೆ. ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುವ ಹೃದಯದ ಹತ್ತು ಹನ್ನೆರಡು ಬಡಿತ ಅದರಲ್ಲಿ ಸಿಗುತ್ತವೆ, ಅಷ್ಟೇ. ಆ ಹೊತ್ತಿನಲ್ಲಿ ಬಡಿತ ಸರಿಯಿದ್ದರೆ ಕಾಗದವೂ ಸರಿ ಎಂದೇ ಹೇಳುತ್ತದೆ. ಆದ್ದರಿಂದ ತಪ್ಪಿದ ಬಡಿತವನ್ನು ಅದು ತಪ್ಪಿದ ಹೊತ್ತಿನಲ್ಲೇ ದಾಖಲಿಸುವುದು ಮೊದಲ ಕೆಲಸ. ಅದು ಯಾಕೆ ತಪ್ಪಿತು ಎಂದು ಕೇಳುವುದು ಎರಡನೆಯದು. ಮೊದಲನೆಯದರಲ್ಲಿ ಈಗ ಅನುಕೂಲಗಳು ಬೇಕಾದಷ್ಟಿವೆ. ಎರಡನೆಯದನ್ನೇ ನಾವು ಅರ್ಧಕ್ಕೆ ಬಿಡುತ್ತೇವೆ ಎಂಬುದು ನನ್ನ ತಕರಾರು. ಕ್ಷಯವೂ ರುಮ್ಯಾಟಿಕ್ ಜ್ವರವೂ ಇನ್ನೂ ಬಿಟ್ಟು ತೊಲಗದ ನಾಡಿನಲ್ಲಿ ಹಾಗೆ ಬಿಡುವುದು ದುಬಾರಿಯಾಗುತ್ತದೆ.

ಬಡಿತ ಹುಟ್ಟುವ ಜಾಗ, ತಪ್ಪುವ ಬಗೆ

ಬಲ ಹೃತ್ಕರ್ಣದ, ಅಂದರೆ ಹೃದಯದ ಬಲಗಡೆಯ ಮೇಲಿನ ಕೋಣೆಯ, ಮೇಲ್ತುದಿಯಲ್ಲಿರುವ ಸೈನಸ್ ನೋಡ್ ಎಂಬ ಸಣ್ಣ ಕೋಶಸಮೂಹ ನಿಮಿಷಕ್ಕೆ 60ರಿಂದ 100 ಸಲ ವಿದ್ಯುತ್ ಮಿಡಿತ ಹುಟ್ಟಿಸುತ್ತದೆ. ಮಿಡಿತ ಮೇಲಿನ ಎರಡು ಕೋಣೆಗಳಲ್ಲಿ ಹರಡಿ, ನಡುವಿನ ಏವಿ ನೋಡ್‌ನಲ್ಲಿ ಕ್ಷಣಕಾಲ ತಡೆಯುತ್ತದೆ. ಈ ತಡೆಯ ಹೊತ್ತಿನಲ್ಲಿ ಮೇಲಿನ ಕೋಣೆಗಳ ರಕ್ತ ಕೆಳಗಿನ ಹೃತ್ಕುಕ್ಷಿಗಳಿಗೆ ಇಳಿಯುತ್ತದೆ. ಆಮೇಲೆ ಮಿಡಿತ ಎರಡು ಹೃತ್ಕುಕ್ಷಿಗಳ ನಡುವಿನ ಗೋಡೆಯ ಮೂಲಕ ಕೆಳಗಿಳಿದು ಕವಲೊಡೆಯುತ್ತದೆ. ಈ ನಡುಗೋಡೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಜಪಾನಿನ ಸುನಾವೊ ತವಾರ 1906ರಲ್ಲಿ ಏವಿ ನೋಡನ್ನು ವಿವರಿಸಿದರು. ಮಿಡಿತ ಹುಟ್ಟುವ ಸೈನಸ್ ನೋಡನ್ನು ಇಂಗ್ಲೆಂಡಿನ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲಾಕ್ ಗುರುತಿಸಿದ್ದು ಅದರ ಮರುವರ್ಷ. ಮೂಲಕ್ಕಿಂತ ಮೊದಲು ದಾರಿ ಸಿಕ್ಕಿತ್ತು.

ತಾಳ ತಪ್ಪುವುದು ಹೆಚ್ಚಾಗಿ ಮೂರು ಬಗೆಯಲ್ಲಿ. ಬೇರೆಲ್ಲೋ ಒಂದಷ್ಟು ಕೋಶಗಳು ತಮ್ಮ ಸರದಿಗೆ ಕಾಯದೆ ಮಿಡಿಯಬಹುದು. ಮಿಡಿತ ಮುಂದಕ್ಕೆ ಹೋಗದೆ ಒಂದೇ ಕಡೆ ಗಾಣದೆತ್ತಿನಂತೆ ಸುತ್ತುತ್ತಲೇ ಇರಬಹುದು. ಇಲ್ಲವೇ ದಾರಿಯಲ್ಲೇ ನಿಂತುಹೋಗಬಹುದು. ಕೊನೆಯದನ್ನು ಹಾರ್ಟ್ ಬ್ಲಾಕ್ ಎನ್ನುತ್ತಾರೆ. ಇದು ರಕ್ತನಾಳ ಕಟ್ಟಿಕೊಳ್ಳುವ, ಸ್ಟೆಂಟ್ ಹಾಕಿಸುವ ಬ್ಲಾಕ್ ಅಲ್ಲ. ಆಂಜಿಯೋಗ್ರಾಂ ಚೊಕ್ಕವಾಗಿರುವವರಿಗೂ ಇದು ಬರುತ್ತದೆ.

ಎದೆ ಒಂದು ಬಡಿತ ನುಂಗಿದಂತಾಯಿತು ಎಂದು ಹೇಳುವವರು ಬಹಳ ಮಂದಿ. ನಿಜದಲ್ಲಿ ಒಂದು ಬಡಿತ ಬೇಗ ಬಂದು, ಅದರ ಹಿಂದೆ ಬಿಡುವು ಬಿದ್ದು, ಮುಂದಿನದು ಜೋರಾಗಿ ಬಡಿದಿರುತ್ತದೆ. ಹೃದಯದ ರಚನೆ ಚೆನ್ನಾಗಿದ್ದರೆ ಇದಕ್ಕೆ ಸಾಮಾನ್ಯವಾಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಆದರೆ ಶ್ರಮಪಡುವಾಗ ಪ್ರಜ್ಞೆ ತಪ್ಪುವುದು, ಮುನ್ಸೂಚನೆಯೇ ಇಲ್ಲದೆ ಧೊಪ್ಪನೆ ಬೀಳುವುದು, ಮನೆತನದಲ್ಲಿ ಚಿಕ್ಕ ವಯಸ್ಸಿನವರು ಹಠಾತ್ತನೆ ಸತ್ತಿರುವುದು, ಇವುಗಳಲ್ಲಿ ಒಂದಿದ್ದರೂ ಇಸಿಜಿ ಸರಿಯಿದೆ ಎಂದು ಸುಮ್ಮನಾಗಬಾರದು.

ವೈದ್ಯರ ಮುಂದೆ ಕುಳಿತಾಗ ಎದೆ ಬಡಿದುಕೊಂಡಿತು ಎಂದಷ್ಟೇ ಹೇಳಿದರೆ ಅವರಿಗೆ ಏನೂ ಸಿಗುವುದಿಲ್ಲ. ಸ್ವಿಚ್ ಒತ್ತಿದಂತೆ ಶುರುವಾಗಿ ಹಾಗೆಯೇ ನಿಂತಿತೇ, ನಿಧಾನವಾಗಿ ಏರಿ ಇಳಿಯಿತೇ? ಬಡಿತ ಸಮವಾಗಿತ್ತೇ, ಅಡ್ಡಾದಿಡ್ಡಿಯಾಗಿತ್ತೇ? ಮೇಜಿನ ಮೇಲೆ ಬೆರಳಿನಿಂದ ಬಡಿದು ತೋರಿಸಿದರೂ ಸಾಕು. ಕತ್ತಿನಲ್ಲಿ ಮಿಡಿತ ಎದ್ದು ಕಾಣುತ್ತಿತ್ತೇ, ಡವಗುಟ್ಟುವುದು ನಿಂತ ಮೇಲೆ ಬಹಳ ಮೂತ್ರ ಹೋಯಿತೇ ಎಂಬ ವಿಚಿತ್ರ ಪ್ರಶ್ನೆಗಳಿಗೂ ಅರ್ಥವಿದೆ. ಏವಿ ನೋಡ್‌ನಲ್ಲೇ ಮಿಡಿತ ಸುತ್ತುವ ವೇಗದ ಬಡಿತದಲ್ಲಿ ಇವೆರಡೂ ಕಾಣಿಸುತ್ತವೆ.

ದಾಖಲೆಗೆ ಹಲವು ದಾರಿಗಳಿವೆ. ದಿನವೂ ಬರುವ ತೊಂದರೆಗೆ 24 ಗಂಟೆಯೂ ಮೈಮೇಲಿದ್ದು ಇಸಿಜಿ ದಾಖಲಿಸುವ ಹೋಲ್ಟರ್ ಸಾಕು. ವಾರಕ್ಕೊಮ್ಮೆ ಬರುವುದಾದರೆ ಎದೆಗೆ ಅಂಟಿಸುವ ಪಟ್ಟಿ. ವರ್ಷಕ್ಕೆ ಒಂದೆರಡು ಸಲ ಬಿದ್ದು ಏಳುವವರಿಗೆ ಚರ್ಮದಡಿ ಇರಿಸುವ, ವರ್ಷಗಟ್ಟಲೆ ಕಾಯುವ ಲೂಪ್ ರೆಕಾರ್ಡರ್. ತಿಂಗಳಿಗೊಮ್ಮೆ ಬರುವ ತೊಂದರೆಗೆ ಒಂದು ದಿನದ ಹೋಲ್ಟರ್ ಹಾಕಿ, ಏನೂ ಇಲ್ಲ ಎಂದು ಕೈತೊಳೆದುಕೊಳ್ಳುವುದರಲ್ಲಿ ಅರ್ಥವಿಲ್ಲ. ಇಸಿಜಿ ತೆಗೆಯುವ ಕೈಗಡಿಯಾರವನ್ನೂ ನಾನು ತಾತ್ಸಾರ ಮಾಡುವುದಿಲ್ಲ. ಬಡಿತ ತಪ್ಪಿದಾಗ ತೆಗೆದ ಮೂವತ್ತು ಸೆಕೆಂಡಿನ ಒಂದು ಎಳೆ, ತಪ್ಪದಿದ್ದಾಗ ತೆಗೆದ ಹತ್ತು ಇಸಿಜಿಗಳಿಗಿಂತ ಮೇಲು.

ಇಸಿಜಿ ಕಾಗದವನ್ನೊಮ್ಮೆ ಕೈಯಲ್ಲಿ ಹಿಡಿದು ನೋಡಿ. ಅದು ಸೆಕೆಂಡಿಗೆ 25 ಮಿಲಿಮೀಟರ್ ವೇಗದಲ್ಲಿ ಓಡುತ್ತದೆ. ಸಣ್ಣ ಚೌಕ 0.04 ಸೆಕೆಂಡ್, ಐದು ಸಣ್ಣ ಚೌಕ ಸೇರಿದ ದೊಡ್ಡದು 0.2 ಸೆಕೆಂಡ್. ಎರಡು ಎತ್ತರದ ಮೊನೆಗಳ ನಡುವೆ ಎಷ್ಟು ದೊಡ್ಡ ಚೌಕಗಳಿವೆಯೋ ಅದರಿಂದ 300ನ್ನು ಭಾಗಿಸಿದರೆ ನಿಮಿಷದ ಬಡಿತ ಸಿಗುತ್ತದೆ: ನಾಲ್ಕು ಚೌಕವಿದ್ದರೆ 75, ಎಂಟಿದ್ದರೆ 38ರ ಆಸುಪಾಸು. ಇನ್ನೊಂದು ಮಾತು. ಬಹುಪಾಲು ಯಂತ್ರಗಳಲ್ಲಿ ಬಳಸುವುದು ಶಾಖಕ್ಕೆ ಕಪ್ಪಾಗುವ ಕಾಗದ. ಪ್ಲಾಸ್ಟಿಕ್ ಕವರಿನಲ್ಲಿಟ್ಟು ಬೀರುವಿನಲ್ಲಿ ಜೋಪಾನ ಮಾಡಿದರೂ ಎರಡು ಮೂರು ವರ್ಷದಲ್ಲಿ ಗೆರೆ ಮಾಸಬಹುದು. ಅದೇ ದಿನ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ತುರ್ತು ಚಿಕಿತ್ಸೆಯ ಹೊತ್ತಿನ ಕಾಗದವನ್ನಂತೂ ಆಸ್ಪತ್ರೆಯಿಂದ ಕೇಳಿ ಪಡೆಯಿರಿ. ಡಿಸ್ಚಾರ್ಜ್ ಸಾರಾಂಶದಲ್ಲಿ ಬರೆದ ಒಂದು ಸಾಲು ಅದರ ಬದಲಿಗೆ ಆಗದು.

ಮಿಡಿತ ಸುತ್ತುವ ಜಾಗ ಗೊತ್ತಾದರೆ ಚಿಕಿತ್ಸೆ ಅಚ್ಚುಕಟ್ಟು. ಮೇಲ್ಕೋಣೆಗಳಿಂದ ಬರುವ ಸಮವಾದ ವೇಗದ ಬಡಿತವನ್ನು ಉಸಿರು ಬಿಗಿಹಿಡಿದೇ ನಿಲ್ಲಿಸಬಹುದು: ಅರ್ಧ ಒರಗಿ ಕುಳಿತು 15 ಸೆಕೆಂಡ್ ಸಿರಿಂಜಿನೊಳಕ್ಕೆ ಬಲವಾಗಿ ಊದಿ, ಕೂಡಲೇ ಅಂಗಾತ ಮಲಗಿಸಿ ಕಾಲುಗಳನ್ನು ಮೇಲೆತ್ತಿಸುವುದು. ಇಂಗ್ಲೆಂಡಿನಲ್ಲಿ 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬರೀ ಊದಿದವರಲ್ಲಿ 17 ಶೇಕಡಾ ಮಂದಿಗೆ ಬಡಿತ ಸರಿಹೋದರೆ, ಕಾಲೆತ್ತಿಸಿದವರಲ್ಲಿ 43 ಶೇಕಡಾ ಮಂದಿಗೆ ಸರಿಹೋಯಿತು. ಒಂದು ಪೈಸೆಯ ಖರ್ಚಿಲ್ಲ. ಮೊದಲ ಸಲ ವೈದ್ಯರ ಎದುರಲ್ಲೇ ಕಲಿಯಬೇಕು. ಬಗ್ಗದಿದ್ದರೆ ಅಡಿನೋಸಿನ್ ಚುಚ್ಚುಮದ್ದು. ಅದು ಕೆಲವು ಕ್ಷಣ ಏವಿ ನೋಡನ್ನು ಮುಚ್ಚುತ್ತದೆ. ಆ ಕ್ಷಣಗಳಲ್ಲಿ ಪ್ರಾಣ ಹೋಗುತ್ತಿದೆ ಎಂದೇ ರೋಗಿಗೆ ಅನಿಸುತ್ತದೆ. ಚುಚ್ಚುವ ಮೊದಲು ಇದನ್ನು ಹೇಳಿದರೆ ಎಷ್ಟು ಚೆನ್ನ! ಪದೇಪದೇ ಕಾಡಿದರೆ ತೊಡೆಸಂದಿನ ರಕ್ತನಾಳದಿಂದ ಸಣ್ಣ ತಂತಿಗಳನ್ನು ಹೃದಯಕ್ಕೆ ಕಳಿಸಿ, ಮಿಡಿತ ಸುತ್ತುವ ದಾರಿಯನ್ನು ಹುಡುಕಿ ಸುಡುತ್ತಾರೆ. ಇದೇ ಅಬ್ಲೇಷನ್. ಏವಿ ನೋಡ್‌ನ ಈ ಬಗೆಯಲ್ಲಿ ಯಶಸ್ಸು 95 ಶೇಕಡಾ ಮೀರುತ್ತದೆ.

ಊತಕ್ಕೂ ಬಡಿತಕ್ಕೂ ನಂಟು

ಇಲ್ಲಿಯವರೆಗಿನದು ಮಿಡಿತ ಹರಿಯುವ ದಾರಿಯ ದೋಷ. ಸ್ನಾಯುವೇ ಉರಿಯೂತದಿಂದ ಕೆಟ್ಟಿದ್ದರೆ ಕಥೆ ಬೇರೆ. ಊದಿಕೊಂಡ ಸ್ನಾಯು ಸರದಿ ತಪ್ಪಿ ಮಿಡಿಯುತ್ತದೆ. ಊತ ಇಳಿದ ಮೇಲೆ ಉಳಿಯುವ ಕಲೆಯ ಸುತ್ತ ಮಿಡಿತ ಸುತ್ತುತ್ತದೆ. ಒಂದೇ ರೋಗಕ್ಕೆ ಎರಡು ಹಂತ, ಎರಡು ಬಗೆಯ ಚಿಕಿತ್ಸೆ.

ಎಲ್ಲ ಉರಿಯೂತವೂ ಭಯಂಕರವಲ್ಲ. ಮಳೆಗಾಲದಲ್ಲಿ ಡೆಂಗಿ ಜ್ವರ ಇಳಿಯುವಾಗ ನಾಡಿ 50ಕ್ಕೆ ಕುಸಿದು ಮನೆಮಂದಿಯನ್ನು ಹೆದರಿಸುವುದುಂಟು. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾನೇ ಸರಿಹೋಗುತ್ತದೆ. ವೈರಾಣುವಿನಿಂದ ಹೃದಯದ ಸ್ನಾಯು ಊದಿಕೊಂಡವರಲ್ಲೂ ಬಹಳಷ್ಟು ಮಂದಿ ಚೇತರಿಸಿಕೊಳ್ಳುತ್ತಾರೆ. ಆದರೆ ಕೆಲವು ತಿಂಗಳು ಜಿಮ್ಮು, ಓಟ, ಕ್ರಿಕೆಟ್ ಎಲ್ಲ ಬಂದ್. ಜ್ವರ ಬಿಟ್ಟ ವಾರಕ್ಕೇ ಕಬ್ಬನ್ ಪಾರ್ಕಿನಲ್ಲಿ ಓಡಲು ಹೊರಡುವವರಿಗೆ ಈ ಮಾತು ಹಿಡಿಸುವುದಿಲ್ಲ, ಗೊತ್ತು.

ರುಮ್ಯಾಟಿಕ್ ಜ್ವರದ ದಾರಿ ನಿಧಾನದ್ದು. ಬಾಲ್ಯದ ಗಂಟಲುನೋವು, ಆಮೇಲೆ ಕೀಲುನೋವು, ವರ್ಷಗಳ ಬಳಿಕ ಕಿರಿದಾದ ಮೈಟ್ರಲ್ ಕವಾಟ. ಹೊರಹೋಗಲಾರದ ರಕ್ತದಿಂದ ಎಡ ಹೃತ್ಕರ್ಣ ಹಿಗ್ಗಿ, ಅದರ ಬಡಿತ ಚೆಲ್ಲಾಪಿಲ್ಲಿಯಾಗುತ್ತದೆ. ಇದು ಏಟ್ರಿಯಲ್ ಫಿಬ್ರಿಲೇಷನ್. ಸರಿಯಾಗಿ ಹಿಂಡದ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಲಕ್ವ. ಇಂಥವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೊಸ ಬಗೆಯ ಮಾತ್ರೆಗಳೇ ಮೇಲೆಂದು ಅನೇಕರು ಎಣಿಸಿದ್ದರು. ರುಮ್ಯಾಟಿಕ್ ಹೃದ್ರೋಗಿಗಳ ಮೇಲೆಯೇ ನಡೆದು 2022ರಲ್ಲಿ ಪ್ರಕಟವಾದ ಇನ್ವಿಕ್ಟಸ್ ಪ್ರಯೋಗದಲ್ಲಿ ಹಳೆಯ ವಾರ್ಫರಿನ್ ಬಗೆಯ ಮಾತ್ರೆಯೇ ಗೆದ್ದಿತು, ಸಾವುಗಳೂ ಅದರಲ್ಲೇ ಕಡಿಮೆ ಇದ್ದವು. ಹಾಗಾಗಿ ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತದೆ ಎಂದು ಅಳೆಯುವ ಐಎನ್‌ಆರ್ ರಕ್ತಪರೀಕ್ಷೆಯ ಗೋಳು ತಪ್ಪದು. ಅದನ್ನು ಸಾಮಾನ್ಯವಾಗಿ 2 ಮತ್ತು 3ರ ನಡುವೆ ಇಡಬೇಕು. ಸೊಪ್ಪು ತಿನ್ನಲೇಬಾರದು ಎಂದು ಬಸ್ಸಾರು, ಮಸ್ಸೊಪ್ಪು ಬಿಟ್ಟವರಿದ್ದಾರೆ. ಬಿಡಬೇಕಾಗಿಲ್ಲ. ಸೊಪ್ಪಿನ ವಿಟಮಿನ್ ಕೆ ಮಾತ್ರೆಗೆ ಎದುರಾಗಿ ಕೆಲಸ ಮಾಡುವುದು ನಿಜ, ಆದರೆ ವಾರವಾರವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿಂದರೆ ಮಾತ್ರೆಯ ಅಳತೆಯನ್ನು ಅದಕ್ಕೆ ಹೊಂದಿಸಬಹುದು. ಒಂದು ತಿಂಗಳು ಪೂರ್ತಿ ಬಿಟ್ಟು ಮರುತಿಂಗಳು ದಿನವೂ ತಿಂದರೆ ಅಳತೆ ಎಕ್ಕುಟ್ಟಿಹೋಗುತ್ತದೆ.

ಇನ್ನು ನನ್ನ ತಕರಾರಿನ ಮುಖ್ಯ ವಿಷಯ. ಪೀಣ್ಯದ ಕಾರ್ಖಾನೆಯಲ್ಲಿ ದುಡಿಯುವ 42 ವರ್ಷದ ಒಬ್ಬರು ಎಂದು ಇಟ್ಟುಕೊಳ್ಳೋಣ. ಮೆಟ್ಟಿಲು ಹತ್ತಿದರೆ ಸುಸ್ತು, ಎರಡು ಸಲ ತಲೆಸುತ್ತಿ ಕುಸಿದಿದ್ದಾರೆ. ನಾಡಿ ನಿಮಿಷಕ್ಕೆ 38. ಇಸಿಜಿಯಲ್ಲಿ ಪೂರ್ಣ ಹಾರ್ಟ್ ಬ್ಲಾಕ್. ಆಂಜಿಯೋಗ್ರಾಂ ಸರಿಯಿದೆ, ಎಕೋ (ಹೃದಯದ ಅಲ್ಟ್ರಾಸೌಂಡ್) ಹೆಚ್ಚುಕಡಿಮೆ ಸರಿಯಿದೆ. ಪೇಸ್‌ಮೇಕರ್ ಹಾಕಿ ಮನೆಗೆ ಕಳುಹಿಸುತ್ತಾರೆ, ಎಲ್ಲರೂ ಉಸ್ಸಪ್ಪಾ ಎನ್ನುತ್ತಾರೆ. ಕೆಲವು ತಿಂಗಳ ಮೇಲೆ ಅದೇ ಮನುಷ್ಯ ನಿಮಿಷಕ್ಕೆ 190ರ ವೇಗದ ಬಡಿತದೊಂದಿಗೆ ತುರ್ತು ವಿಭಾಗಕ್ಕೆ ಬರುತ್ತಾರೆ. ಈ ಸಲ ಅದು ಕೆಳಗಿನ ಕೋಣೆಯ, ಪ್ರಾಣಕ್ಕೇ ಎರವಾಗುವ ಬಡಿತ. ಪೇಸ್‌ಮೇಕರ್ ನಿಧಾನದ ಬಡಿತಕ್ಕೆ ಆಸರೆ, ವೇಗದ ಬಡಿತಕ್ಕೆ ಅದರಿಂದ ಏನೂ ಆಗದು.

ಎಪ್ಪತ್ತೈದರ ಅಜ್ಜನಿಗೆ ಬ್ಲಾಕ್ ಬಂದರೆ ವಯಸ್ಸಿನ ಸವೆತ ಎನ್ನಬಹುದು. ಅರವತ್ತರೊಳಗಿನವರಿಗೆ ಕಾರಣವಿಲ್ಲದೆ ಬಂದರೆ ಸಾರ್ಕಾಯಿಡೋಸಿಸ್ ಇದೆಯೇ ಎಂದು ಕೇಳಲೇಬೇಕು. ದೇಹದ ರೋಗನಿರೋಧಕ ಕೋಶಗಳು ಅಲ್ಲಲ್ಲಿ ಗುಂಪುಗೂಡಿ ಗ್ರಾನ್ಯುಲೋಮಾ ಎಂಬ ಸಣ್ಣ ಗಂಟುಗಳಾಗುವ ಕಾಯಿಲೆಯಿದು. ಶ್ವಾಸಕೋಶ, ದುಗ್ಧಗ್ರಂಥಿಗಳು ಇದರ ಸಾಮಾನ್ಯ ಜಾಗ. ಹೃದಯಕ್ಕೆ ಇಳಿದರೆ ಹೃತ್ಕುಕ್ಷಿಗಳ ನಡುಗೋಡೆಯ ಮೇಲ್ಭಾಗವೆಂದರೆ ಅದಕ್ಕೆ ಬಲು ಇಷ್ಟ. ಮಿಡಿತ ಕೆಳಗಿಳಿಯುವ ದಾರಿಯೂ ಅದೇ. ಹೀಗಾಗಿ ಮೊದಲು ಬ್ಲಾಕ್, ಆಮೇಲೆ ಕಲೆಯ ಸುತ್ತ ಸುತ್ತುವ ವೇಗದ ಬಡಿತ. ಪರೀಕ್ಷೆಯ ಸರದಿಗೂ ಇಲ್ಲಿ ಬೆಲೆಯಿದೆ. ಯಂತ್ರ ಕೂರಿಸಿದ ಮೇಲೆ ಎಂಆರ್‌ಐ ಚಿತ್ರದಲ್ಲಿ ಅದರ ನೆರಳು ಬೀಳುತ್ತದೆ. ಆದ್ದರಿಂದ ಸ್ಥಿತಿ ತಡೆದುಕೊಳ್ಳುವಂತಿದ್ದರೆ ಪೇಸ್‌ಮೇಕರ್‌ಗೆ ಮೊದಲೇ ಹೃದಯದ ಎಂಆರ್‌ಐ, ಎದೆಯ ಸಿಟಿ ಸ್ಕ್ಯಾನ್ ಮಾಡಿಸುವುದು ಒಳ್ಳೆಯದು.

ನಮ್ಮ ದೇಶದಲ್ಲಿ ಇದಕ್ಕೊಂದು ತೊಡಕು. ಕ್ಷಯವೂ ಇಂಥದೇ ಗಂಟುಗಳನ್ನು ಕಟ್ಟುತ್ತದೆ, ಎದೆಯೊಳಗಿನ ಅದೇ ಗ್ರಂಥಿಗಳನ್ನು ಊದಿಸುತ್ತದೆ. ಪಂಪ್ ಮಾಡುವ ಶಕ್ತಿ ಚೆನ್ನಾಗಿಯೇ ಇದ್ದು, ಕೆಳಕೋಣೆಯ ವೇಗದ ಬಡಿತವೂ ಎದೆಯಲ್ಲಿ ಊದಿದ ಗ್ರಂಥಿಗಳೂ ಇದ್ದ ರೋಗಿಗಳ ಬಗ್ಗೆ ಹೈದರಾಬಾದಿನ ತಜ್ಞರು 2011ರಲ್ಲಿ ವರದಿ ಪ್ರಕಟಿಸಿದರು. ಕೆಲವರಲ್ಲಿ ಸಾರ್ಕಾಯಿಡೋಸಿಸ್, ಕೆಲವರಲ್ಲಿ ಕ್ಷಯ. ಎರಡಕ್ಕೂ ಮದ್ದು ಎದುರುಬದುರು. ಕ್ಷಯವಿದ್ದವರಿಗೆ ಬರೀ ಸ್ಟಿರಾಯ್ಡ್ ಕೊಟ್ಟರೆ ರೋಗಾಣು ಮೆರೆಯುತ್ತದೆ. ಸಾರ್ಕಾಯಿಡೋಸಿಸ್ ಇದ್ದವರಿಗೆ ಆರು ತಿಂಗಳು ಕ್ಷಯದ ಮಾತ್ರೆ ನುಂಗಿಸಿದರೆ ಅಷ್ಟರಲ್ಲಿ ಹೃದಯದಲ್ಲಿ ಕಲೆ ಗಟ್ಟಿಯಾಗುತ್ತದೆ. ‘ಟಿಬಿ ಮಾತ್ರೆ ಕೊಟ್ಟು ನೋಡೋಣ’ ಎಂಬ ಹಳೆಯ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಶ್ವಾಸನಾಳದೊಳಗಿನಿಂದ ಅಲ್ಟ್ರಾಸೌಂಡ್ ನೆರವಿನಲ್ಲಿ ಗ್ರಂಥಿಗೆ ಸೂಜಿ ಹಾಕಿ ಮಾದರಿ ತೆಗೆದು, ಸೂಕ್ಷ್ಮದರ್ಶಕ, ಕ್ಷಯದ ರೋಗಾಣುವಿನ ಜೀನ್ ಹುಡುಕುವ ಜೀನ್‌ಎಕ್ಸ್‌ಪರ್ಟ್, ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಮೂರನ್ನೂ ಮಾಡಿಸಬೇಕು. ಹೃದಯದಿಂದಲೇ ಚೂರು ತೆಗೆಯಬಹುದು, ಆದರೆ ಗಂಟುಗಳು ಚದುರಿರುವುದರಿಂದ ಆ ಪ್ರಯತ್ನ ಅನೇಕ ಸಲ ಬರಿಗೈಯಲ್ಲಿ ಹಿಂತಿರುಗುತ್ತದೆ.

ಉರಿಯೂತ ಈಗಲೂ ಉರಿಯುತ್ತಿದೆಯೇ ಎಂದು ತೋರಿಸುವುದು ಪೆಟ್ ಸ್ಕ್ಯಾನ್. ಚುಚ್ಚಿದ ಸಕ್ಕರೆಯಂಥ ವಸ್ತುವನ್ನು ಉರಿಯೂತದ ಕೋಶಗಳು ಹೀರಿ ಹೊಳೆಯುತ್ತವೆ. ತೊಂದರೆಯೆಂದರೆ ಆರೋಗ್ಯವಂತ ಹೃದಯಸ್ನಾಯುವೂ ಸಕ್ಕರೆ ಹೀರುತ್ತದೆ. ಅದನ್ನು ಕೊಬ್ಬಿನ ಇಂಧನಕ್ಕೆ ತಿರುಗಿಸಲು ಹಿಂದಿನ ದಿನ ಕೊಬ್ಬು ಹೆಚ್ಚಿರುವ, ಪಿಷ್ಟ ಇಲ್ಲವೆಂಬಷ್ಟು ಕಡಿಮೆ ಇರುವ ಊಟ, ಆಮೇಲೆ ರಾತ್ರಿಯಿಡೀ ಉಪವಾಸ. ಇದನ್ನು ಬೆಂಗಳೂರಿನ ಮನೆಯೊಂದರಲ್ಲಿ ಪಾಲಿಸಿ ನೋಡಿ! ಅನ್ನ ಬೇಡ, ಮುದ್ದೆ ಬೇಡ, ಇಡ್ಲಿ, ಚಪಾತಿ, ಬೇಳೆ, ಬಾಳೆಹಣ್ಣು ಯಾವುದೂ ಬೇಡ. ಮಾಂಸ ತಿನ್ನುವವರು ಮೊಟ್ಟೆ, ಕೋಳಿಯಲ್ಲಿ ಸುಧಾರಿಸುತ್ತಾರೆ. ಸಸ್ಯಾಹಾರಿಗಳಿಗೆ ತುಪ್ಪದಲ್ಲಿ ಬಾಡಿಸಿದ ಪನೀರ್ ಬಿಟ್ಟರೆ ಹೆಚ್ಚೇನೂ ಉಳಿಯದು, ಅದಕ್ಕೂ ಆಯಾ ಆಸ್ಪತ್ರೆಯ ಪಟ್ಟಿ ನೋಡಿಕೊಳ್ಳಬೇಕು. ಬೆಳಗ್ಗೆ ಅಭ್ಯಾಸಬಲದಿಂದ ಕುಡಿದ ಒಂದು ಲೋಟ ಸಕ್ಕರೆ ಹಾಕಿದ ಕಾಫಿಯಿಂದ ಇಡೀ ಹೃದಯ ಹೊಳೆದು, ಸಾವಿರಾರು ರೂಪಾಯಿಯ ಸ್ಕ್ಯಾನ್ ಓದಲು ಬಾರದಂತಾಗಬಹುದು. ಊಟದ ಚೀಟಿಯನ್ನು ರೋಗಿಯ ಕೈಗೆ ಕೊಟ್ಟರೆ ಸಾಲದು, ಅಡುಗೆ ಮಾಡುವವರಿಗೂ ಬಿಡಿಸಿ ಹೇಳಬೇಕು.

ಸಾರ್ಕಾಯಿಡೋಸಿಸ್ ಎಂದು ಖಚಿತವಾದರೆ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್, ಅದರ ಜೊತೆಗೋ ಬದಲಿಗೋ ವಾರಕ್ಕೊಮ್ಮೆ ರೋಗನಿರೋಧಕ ಕೋಶಗಳನ್ನು ತಗ್ಗಿಸುವ ಮೆಥೊಟ್ರೆಕ್ಸೇಟ್. ಕೆಲವು ತಿಂಗಳ ಬಳಿಕ ಮತ್ತೆ ಪೆಟ್ ಸ್ಕ್ಯಾನ್ ಮಾಡಿ ಉರಿ ಎಷ್ಟು ಆರಿದೆ ಎಂದು ನೋಡುತ್ತಾರೆ. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ ಎಂಬುದನ್ನು ಒತ್ತಿ ಹೇಳಬೇಕು. ದಿನವೂ ನುಂಗಿದರೆ ಪ್ರಾಣಾಪಾಯ. ಬೇಗ ಶುರು ಮಾಡಿದರೆ ಕೆಲವರಲ್ಲಿ ಬ್ಲಾಕ್ ಸಡಿಲವಾಗಿ ಮಿಡಿತ ಮತ್ತೆ ಇಳಿಯತೊಡಗುತ್ತದೆ, ಆದರೆ ಅದನ್ನು ನಂಬಿಕೊಂಡು ಯಂತ್ರವನ್ನು ಮುಂದೂಡುವಂತಿಲ್ಲ. ಆಗಲೇ ಗಟ್ಟಿಯಾದ ಕಲೆಗೆ ಸ್ಟಿರಾಯ್ಡ್ ಏನೂ ಮಾಡದು. ಅಲ್ಲಿ ಬಡಿತ ಹಿಡಿತಕ್ಕೆ ತರುವ ಮಾತ್ರೆ, ಅಬ್ಲೇಷನ್, ಐಸಿಡಿ ಬೇಕಾಗುತ್ತವೆ. ಐಸಿಡಿ ಪೇಸ್‌ಮೇಕರ್ ಕೆಲಸವನ್ನೂ ಮಾಡಿ, ಮಾರಕ ವೇಗದ ಬಡಿತ ಬಂದರೆ ಒಳಗಿಂದಲೇ ಶಾಕ್ ಕೊಡುತ್ತದೆ. ಈ ಕಾಯಿಲೆಯವರಿಗೆ ಪೇಸ್‌ಮೇಕರ್ ಬೇಕಾದ ಸಂದರ್ಭದಲ್ಲಿ ಐಸಿಡಿಯನ್ನೇ ಯೋಚಿಸಿ ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುವುದು ಇದಕ್ಕೇ. ಪೀಣ್ಯದ ಆ ಮನುಷ್ಯನಿಗೆ ಮೊದಲ ದಿನವೇ ಕಾರಣ ಹುಡುಕಿದ್ದರೆ ಬೇರೆ ಯಂತ್ರ ಕೂರಿಸುತ್ತಿದ್ದರು.

ಕ್ಷಯ ಎಂದಾದರೆ ಅದರ ಮಾತ್ರೆಗಳ ಜೊತೆ ಇನ್ನೊಂದು ಎಚ್ಚರ. ರಿಫಾಂಪಿಸಿನ್ ಯಕೃತ್ತನ್ನು ಚುರುಕುಗೊಳಿಸಿ ವಾರ್ಫರಿನ್, ಸ್ಟಿರಾಯ್ಡ್ ಎರಡರ ಬಲವನ್ನೂ ಕುಗ್ಗಿಸುತ್ತದೆ. ಕ್ಷಯದ ಮಾತ್ರೆ ಒಂದು ಆಸ್ಪತ್ರೆಯಿಂದ, ರಕ್ತ ತೆಳುವಾಗಿಸುವ ಮಾತ್ರೆ ಇನ್ನೊಂದರಿಂದ ತರುವವರು ಎರಡೂ ಚೀಟಿಗಳನ್ನು ಎರಡೂ ಕಡೆ ತೋರಿಸಬೇಕು.

ಹುಟ್ಟುವ ಮೊದಲೇ ಕಾಡುವ ಬಗೆಯೂ ಒಂದಿದೆ. ರೋಗನಿರೋಧಕ ಶಕ್ತಿ ಸ್ವಂತ ದೇಹದ ಮೇಲೇ ತಿರುಗಿಬೀಳುವ ಲೂಪಸ್, ಶೋಗ್ರೆನ್ ಮುಂತಾದ ಕಾಯಿಲೆಯವರಲ್ಲಿ, ಕೆಲವೊಮ್ಮೆ ಏನೂ ಲಕ್ಷಣವಿಲ್ಲದ ತಾಯಂದಿರಲ್ಲೂ, ಆಂಟಿ-ರೋ ಎಂಬ ಪ್ರತಿಕಾಯ ಇರುತ್ತದೆ. ಅದು ಮಾಸಿನ ಮೂಲಕ ದಾಟಿ ಶಿಶುವಿನ ಏವಿ ನೋಡನ್ನು ಊದಿಸಿ ಕೆಡಿಸಬಹುದು, ಹೆಚ್ಚಾಗಿ 18ರಿಂದ 24ನೇ ವಾರದ ನಡುವೆ. ಸ್ಕ್ಯಾನಿನಲ್ಲಿ 140 ಇರಬೇಕಾದ ಮಗುವಿನ ಬಡಿತ 60 ಕಂಡರೆ ತಾಯಿಯ ರಕ್ತವನ್ನು ಪರೀಕ್ಷಿಸಬೇಕು. ಮುಂದಿನ ಬಸಿರಿನಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ಈ ಅಪಾಯವನ್ನು ತಗ್ಗಿಸುತ್ತದೆ.

ಯಂತ್ರದೊಂದಿಗೆ ಬಾಳುವುದು

ಬನ್ನೇರುಘಟ್ಟ ರಸ್ತೆಯ ಜಯದೇವ ಹೃದ್ರೋಗ ಸಂಸ್ಥೆಯೂ ಸೇರಿದಂತೆ ನಗರದ ದೊಡ್ಡ ಆಸ್ಪತ್ರೆಗಳಲ್ಲಿ ಅಬ್ಲೇಷನ್, ಐಸಿಡಿ ಎರಡೂ ಆಗುತ್ತವೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಅಡಿ ಏನೇನು ಸಿಗುತ್ತದೆ ಎಂಬುದನ್ನು ದಾಖಲಾಗುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿಕೊಳ್ಳಿ. ಪೇಸ್‌ಮೇಕರ್ ಅಥವಾ ಐಸಿಡಿ ಯಂತ್ರದ ಗುರುತಿನ ಕಾರ್ಡ್ ಸದಾ ಜೇಬಿನಲ್ಲಿರಲಿ. ಮೆಟ್ರೊ ನಿಲ್ದಾಣದ ಚೌಕಟ್ಟಿನಲ್ಲಿ ನಿಲ್ಲದೆ ದಾಟಿದರೆ ಅಪಾಯವಿಲ್ಲ. ಕೈಯಲ್ಲಿ ಹಿಡಿಯುವ ಶೋಧಕವನ್ನು ಮಾತ್ರ ಯಂತ್ರದ ಮೇಲೆ ಹಿಡಿದು ನಿಲ್ಲಿಸಬೇಡಿ ಎಂದು ಹೇಳಿ. ಮೊಬೈಲನ್ನು ಆ ಬದಿಯ ಅಂಗಿ ಜೇಬಿನಲ್ಲಿ ಇಡಬೇಡಿ. ಯಾರೂ ಹೇಳಲು ಇಷ್ಟಪಡದ ಮಾತೊಂದಿದೆ: ದಹನ ಮಾಡುವ ಮುನ್ನ ಯಂತ್ರವನ್ನು ತೆಗೆಸಬೇಕು, ಬೆಂಕಿಯಲ್ಲಿ ಬ್ಯಾಟರಿ ಸಿಡಿಯುತ್ತದೆ. ಮನೆಯವರಿಗೆ ಇದು ಮೊದಲೇ ಗೊತ್ತಿರಬೇಕು.

ಈ ಊರಿನಲ್ಲಿ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ವಾಹನದ್ದು. ಮಾರಕ ಬಡಿತದಿಂದ ಬದುಕುಳಿದು ಐಸಿಡಿ ಹಾಕಿಸಿಕೊಂಡವರು, ಇಲ್ಲವೇ ಅದರಿಂದ ಶಾಕ್ ಪಡೆದವರು ಮೂರರಿಂದ ಆರು ತಿಂಗಳು ಸ್ವಂತ ವಾಹನವನ್ನೂ ಓಡಿಸಬಾರದು ಎಂದು ಅನೇಕ ದೇಶಗಳ ಮಾರ್ಗಸೂಚಿಗಳು ಹೇಳುತ್ತವೆ. ಬಾಡಿಗೆ ವಾಹನ, ಬಸ್, ಲಾರಿ ಓಡಿಸುವ ವೃತ್ತಿಯನ್ನು ಬಿಟ್ಟೇಬಿಡಿ ಎನ್ನುತ್ತವೆ. ಆಟೊ, ಕ್ಯಾಬ್ ಓಡಿಸಿಯೇ ಸಾಲದ ಕಂತು ಕಟ್ಟುವವರಿಗೆ ಇದು ಕಾಯಿಲೆಗಿಂತ ದೊಡ್ಡ ಪೆಟ್ಟು. ಆದರೂ ಯಂತ್ರ ಕೂರಿಸುವ ಮೊದಲೇ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಹೊತ್ತಿಗೇ ವೈದ್ಯರು ಈ ಮಾತನ್ನು ತೆಗೆಯಬೇಕು. ಅವರು ತೆಗೆಯದಿದ್ದರೆ ನೀವೇ ಕೇಳಿ.